ಒಂದು ರಾತ್ರಿಯ ದೂರ

ಬೆಂಗಳೂರು ಎಷ್ಟು ದೂರ ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. “ಒಂದು ರಾತ್ರಿ ನೋಡ್ರಿ” ಅನ್ನುತ್ತಾರೆ. ಮುಂಬಯಿ? “ಅದೂ ಒಂದು ರಾತ್ರೀನೇ.” ಹೈದರಾಬಾದ್? “ಮುಂಜಾನಿ ಹೋಗಿ ರಾತ್ರಿ ಉಣ್ಲಾಕ ಮನಿಗಿ ಬರಬಹುದು.” ಸೊಲ್ಲಾಪುರ ಎಂದರೆ ಉತ್ತರವೇ ಬರುವುದಿಲ್ಲ, ಕೈ ಬೀಸಿ ನಗುತ್ತಾರೆ. ಅದು ದೂರದ ಲೆಕ್ಕಕ್ಕೇ ಸೇರಿಲ್ಲ.

ನಮ್ಮ ಕಡೆ ಅಂದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ. ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬಿ.ಕಾಂ. ಮುಗಿಸಿ 1976ರಲ್ಲಿ ಬ್ಯಾಂಕಿನ ಗುಮಾಸ್ತನಾದೆ. ಈ ಮೂರೂ ಊರುಗಳ ಶಾಖೆಗಳಲ್ಲಿ ಕೌಂಟರಿನ ಹಿಂದೆ ಕೂತು ಮೂವತ್ತಾರು ವರ್ಷ ಕಳೆದು ನಿವೃತ್ತನಾದೆ. ದೇಶ ಸುತ್ತಿದವನಲ್ಲ. ಆದರೆ ಎರಡು ದೊಡ್ಡ ಊರುಗಳಿಗೆ ಹೋಗುವವರನ್ನು, ಅಲ್ಲಿಂದ ಬರುವವರನ್ನು, ಅಲ್ಲಿಂದ ಬರಬೇಕಾದ ದುಡ್ಡಿಗೆ ಕಾಯುವವರನ್ನು ದಿನಾ ನೋಡಿದ್ದೇನೆ. ಆ ಎರಡು ಊರು ಮುಂಬಯಿ ಮತ್ತು ಬೆಂಗಳೂರು.

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ತೆಗೆಯಿರಿ. ಕಲಬುರಗಿ ಇರುವುದು ಸುಮಾರು 17.33 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು ಸುಮಾರು 12.97ರಲ್ಲಿ. ಕಳೆದರೆ 4.36 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಗುಣಿಸಿ ನೋಡಿ, 484ರ ಹತ್ತಿರ ಬರುತ್ತದೆ. ಬೆಂಗಳೂರು ನಮಗಿಂತ ಸ್ವಲ್ಪ ಪೂರ್ವಕ್ಕೂ ಸರಿದಿದೆ, ಅದನ್ನೂ ಸೇರಿಸಿದರೆ ಹಕ್ಕಿ ನೇರವಾಗಿ ಹಾರಿದರೆ ಸುಮಾರು 490 ಕಿ.ಮೀ. ಇದೇ ರೀತಿ ಮುಂಬಯಿಗೆ ಲೆಕ್ಕ ಹಾಕಿದರೆ ಸುಮಾರು 460. ನಾವು ಹಕ್ಕಿಗಳಲ್ಲವಲ್ಲ, ಹಳಿ ಹಿಡಿದು ಹೋಗಬೇಕು. ರೈಲು ದಾರಿಯಲ್ಲಿ ಕಲಬುರಗಿಯಿಂದ ಬೆಂಗಳೂರು ಸುಮಾರು 550 ಕಿ.ಮೀ., ಮುಂಬಯಿ ಸುಮಾರು 570. ಹದಿನೈದಿಪ್ಪತ್ತು ಕಿಲೋಮೀಟರಿನ ಫರಕು. ಅಂದರೆ ಮುಂಬಯಿಯಿಂದ ಬೆಂಗಳೂರಿಗೆ ಒಂದು ಹಗ್ಗ ಎಳೆದು ನಡುವೆ ಮುಟ್ಟಿದರೆ ಕೈಗೆ ಸಿಗುವುದು ಕಲಬುರಗಿ.

ಹಗ್ಗದ ನಡುವೆ ಇರುವವನಿಗೆ ಎರಡೂ ತುದಿ ಒಂದೇ ದೂರ ಎಂದು ಲೆಕ್ಕದ ಪುಸ್ತಕ ಹೇಳುತ್ತದೆ. ನಮ್ಮಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಆ ಲೆಕ್ಕ ಕೂಡಲೇ ಇಲ್ಲ.

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿದ್ದು ನೀವು ಶಾಲೆಯಲ್ಲಿ ಓದಿರುತ್ತೀರಿ. ಬರೀ 34 ಕಿ.ಮೀ. ಅದೇ ಕಂಪನಿಯ ಹಳಿ ಘಟ್ಟ ಹತ್ತಿ, ಪುಣೆ, ಸೊಲ್ಲಾಪುರ ದಾಟಿ, ನಮ್ಮ ಕಲಬುರಗಿ ಮೇಲೆ ಹಾದು 1871ರಲ್ಲಿ ರಾಯಚೂರಿಗೆ ಬಂತು. ಆ ಕಡೆ ಮದ್ರಾಸಿನಿಂದ ಬಂದ ಹಳಿ ಅಲ್ಲೇ ಅದನ್ನು ಕೂಡಿಕೊಂಡಿತು. ಮೂರು ವರ್ಷದ ಮೇಲೆ, 1874ರಲ್ಲಿ, ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಹೀಗೆ ನಮ್ಮ ಮುತ್ತಜ್ಜಂದಿರ ಕಾಲಕ್ಕೇ ಮುಂಬಯಿ, ಮದ್ರಾಸು, ಹೈದರಾಬಾದು ಮೂರಕ್ಕೂ ಹತ್ತಿದ ಗಾಡಿ ಇಳಿಯದೆ ಹೋಗಬಹುದಿತ್ತು.

ಆ ಕಾಲದ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಆಗ ದೇಶಕ್ಕೆಲ್ಲ ಒಂದೇ ಗಡಿಯಾರ ಇರಲಿಲ್ಲ. ಪೂರ್ವದ ಊರಿಗೆ ಸೂರ್ಯ ಮೊದಲು ಬರುವುದರಿಂದ ಮದ್ರಾಸಿನಲ್ಲಿ ಹನ್ನೆರಡು ಹೊಡೆದಾಗ ಮುಂಬಯಿಯಲ್ಲಿ ಹನ್ನೊಂದೂವರೆ. ರೈಲುಗಳು ಮದ್ರಾಸಿನ ವೇಳೆ ಹಿಡಿದು ಓಡುತ್ತಿದ್ದವು. ಮುಂಬಯಿಯವನು ತನ್ನ ಊರಿನ ಗಡಿಯಾರ ನಂಬಿ ಸ್ಟೇಷನ್ನಿಗೆ ಬಂದರೆ ಗಾಡಿ ಹೋಗಿ ಅರ್ಧ ತಾಸಾಗಿರುತ್ತಿತ್ತು. ಇಡೀ ದೇಶಕ್ಕೆ ಒಂದೇ ವೇಳೆ ಎಂದು ಆದದ್ದು 1906ರ ಜನವರಿ 1ರಿಂದ.

ಬೆಂಗಳೂರಿನ ಮಾತಿಗೆ ಬರೋಣ. ನಮ್ಮ ದಾರಿಯ ಹಳಿ ದೊಡ್ಡದು, ಎರಡು ಕಂಬಿಗಳ ನಡುವೆ 1676 ಮಿಲಿಮೀಟರ್. ರಾಯಚೂರಿನ ಮುಂದೆ ಆಂಧ್ರದ ಗುಂತಕಲ್ ಜಂಕ್ಷನ್ ಬರುತ್ತದೆ. ಅಲ್ಲಿಂದ ಬೆಂಗಳೂರಿಗೆ ಹೋಗುತ್ತಿದ್ದದ್ದು ಮೀಟರ್ ಗೇಜ್, ಬರೀ 1000 ಮಿಲಿಮೀಟರ್. ಎತ್ತಿನ ಬಂಡಿಯ ಗಾಲಿ ಸೈಕಲ್ಲಿಗೆ ಕೂರದ ಹಾಗೆ ನಮ್ಮ ಗಾಡಿ ಆ ಹಳಿಯ ಮೇಲೆ ಹೋಗುವಂತಿಲ್ಲ. ಜನ ಇಳಿಯಬೇಕು, ಗಂಟು ಮೂಟೆ ಇಳಿಸಬೇಕು, ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೊರಬೇಕು, ಸಣ್ಣ ಗಾಡಿಗೆ ಕಾಯಬೇಕು.

ಇದರ ನಡುವೆ ರಾಜಧಾನಿಯೂ ಬದಲಾಯಿತು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದ್ದು. ನನ್ನ ಅಪ್ಪನ ಹೊಲದ ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಹಕ್ಕಿಯ ಲೆಕ್ಕದಲ್ಲಿ ಕಲಬುರಗಿಯಿಂದ ಹೈದರಾಬಾದು 175 ಕಿ.ಮೀ. ಇದ್ದೀತು. ಕನ್ನಡ ನಾಡು ಒಂದಾದ ದಿನ ನಾವು ಕೂತಲ್ಲೇ ಕೂತಿದ್ದೆವು, ರಾಜಧಾನಿ 490 ಕಿ.ಮೀ. ಆಚೆ ಹೋಯಿತು. ನಮ್ಮ ಮಾತಿನ ಸರಕಾರ ಬಂತು ಎಂದು ಅಪ್ಪನಿಗೆ ಸಂತೋಷವಿತ್ತು. ಆದರೆ ಆ ಸರಕಾರದ ಊರನ್ನು ಅವರು ಒಮ್ಮೆಯೂ ನೋಡಲಿಲ್ಲ.

ಅಪ್ಪ ತೀರಿಕೊಂಡದ್ದು 1978ರ ಮೇ ತಿಂಗಳಲ್ಲಿ. ಒಂದೇ ದೂರದ ಎರಡು ಊರು ಒಂದೇ ದೂರ ಅಲ್ಲ ಎಂದು ನನಗೆ ತಿಳಿದದ್ದು ಆವಾಗ.

ಅಣ್ಣ ಮುಂಬಯಿಯ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಆಗ ಆಳಂದದ ಕಡೆಯ ಹಳ್ಳಿಗಳಲ್ಲಿ ಮುಂಬಯಿ, ಸೊಲ್ಲಾಪುರದ ಗಿರಣಿ ಸೇರಿದವರು ಬಹಳ ಜನ. ನನ್ನನ್ನು ಬ್ಯಾಂಕಿನವರು ಮೂರು ವಾರದ ತರಬೇತಿಗೆ ಬೆಂಗಳೂರಿಗೆ ಕಳಿಸಿದ್ದರು. ಅಪ್ಪನಿಗೆ ಮೊದಲಿನಿಂದ ದಮ್ಮು ಇತ್ತು. ಒಂದು ಮುಂಜಾನೆ ಚಹಾ ಕುಡಿದು ಕಟ್ಟೆಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ನಮ್ಮ ಕಾಕಾ ಸೈಕಲ್ ತುಳಿದು ಆಳಂದದ ಪೋಸ್ಟ್ ಆಫೀಸಿಗೆ ಹೋಗಿ ಎರಡು ತಾರು ಕೊಟ್ಟರು. ಒಂದೇ ಹೊತ್ತಿಗೆ, ಒಂದೇ ಮಾತು. ಈಗಿನ ಮಕ್ಕಳಿಗೆ ತಾರು ಅಂದರೆ ಗೊತ್ತಿರಲಿಕ್ಕಿಲ್ಲ. ಟೆಲಿಗ್ರಾಂ. ಒಂದೊಂದು ಶಬ್ದಕ್ಕೂ ದುಡ್ಡು. ಕೆಟ್ಟ ಸುದ್ದಿಯೇ ಹೆಚ್ಚಾಗಿ ಬರುತ್ತಿದ್ದುದರಿಂದ ತಾರಿನವನು ಬಾಗಿಲಿಗೆ ಬಂದರೆ ಹೆಣ್ಣುಮಕ್ಕಳು ಓದುವ ಮೊದಲೇ ಅಳುತ್ತಿದ್ದರು. 2013ರ ಜುಲೈಯಲ್ಲಿ ಅದು ದೇಶದಲ್ಲೆಲ್ಲ ನಿಂತಿತು.

ಅಣ್ಣನಿಗೆ ತಾರು ಮುಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ನನಗೆ ಮೂರೂವರೆಗೆ.

ಅಣ್ಣ ಆ ರಾತ್ರಿ ಮುಂಬಯಿಯಲ್ಲಿ ಗಾಡಿ ಹತ್ತಿದ. ಕೂರಲು ಜಾಗ ಸಿಗದೆ ಬಾಗಿಲ ಹತ್ತಿರ ಚಾದರ ಹಾಸಿಕೊಂಡು ಕೂತಿದ್ದನಂತೆ. ಆದರೆ ಗಾಡಿ ಒಂದೇ. ಮುಂಜಾನೆ ಕಲಬುರಗಿಯಲ್ಲಿ ಇಳಿದು, ಬಸ್ಸು ಹಿಡಿದು, ಹನ್ನೊಂದರ ಒಳಗೆ ಮನೆ ಮುಟ್ಟಿದ.

ನಾನೂ ಅದೇ ರಾತ್ರಿ ಬೆಂಗಳೂರಿನಲ್ಲಿ ಗಾಡಿ ಹತ್ತಿದೆ. ಮುಂಜಾನೆ ಗುಂತಕಲ್ಲಿಗೆ ಬಂದಾಗ ಮುಂಬಯಿ ಕಡೆಯ ಗಾಡಿ ಹೋಗಿಬಿಟ್ಟಿತ್ತು. ಮುಂದಿನದು ಮಧ್ಯಾಹ್ನ ಎರಡಕ್ಕೆ. ಆ ಐದಾರು ತಾಸು ನಾನು ಪ್ಲಾಟ್‌ಫಾರ್ಮಿನಲ್ಲಿ ಏನು ಮಾಡಿದೆ ಎಂದು ನೆನಪಿಲ್ಲ. ನೀರಿನ ನಲ್ಲಿಯ ಹತ್ತಿರ ಒಂದು ಸಿಮೆಂಟಿನ ಬೆಂಚು ಇತ್ತು, ಅದರ ಮೇಲೆ ಯಾರೋ ಚುನಾವಣೆಯ ಬಣ್ಣದ ಚಿಹ್ನೆ ಬರೆದಿದ್ದರು. ಅದಷ್ಟು ನೆನಪಿದೆ.

ಮನೆಯಲ್ಲಿ ಏನಾಯಿತು ಎನ್ನುವುದನ್ನು ಆಮೇಲೆ ಕೇಳಿದ್ದು. ನಮ್ಮ ಕಡೆ ಮೇ ತಿಂಗಳೆಂದರೆ ನಲವತ್ತೆರಡು ಡಿಗ್ರಿ. ಬರ್ಫ ತರಬೇಕೆಂದರೆ ಕಲಬುರಗಿಗೇ ಹೋಗಬೇಕು, ತರುವಷ್ಟರಲ್ಲಿ ನೀರಾಗಿರುತ್ತದೆ. ಹಿರಿಯರು ಅಣ್ಣನನ್ನು ಕೇಳಿದರಂತೆ, “ನಿನ್ನ ತಮ್ಮ ಎಲ್ಲಿತನಕ ಬಂದಿರಬೇಕಪಾ?” ಅಣ್ಣ, “ನಾ ಮುಂಬಯಿಲಿಂದ ಬಂದೀನಿ, ಅವನೂ ಅಷ್ಟೇ ದೂರ ಇದ್ದಾನ. ಬರೋ ವ್ಯಾಳ್ಯಾ ಆಗ್ಯಾದ, ಇನ್ನೊಂದು ತಾಸು ನೋಡೋಣ್ರಿ” ಅಂದ. ಒಂದು ತಾಸಿಗೆ ಮತ್ತೊಂದು ತಾಸು ಸೇರಿತು. ಸಂಜೆ ಐದಕ್ಕೆ ಅವ್ವನೇ ಒಳಗಿನಿಂದ ಬಂದು, “ಇನ್ನ ಸಾಕ್ರಿ, ಅವರಿಗಿ ಹಿಂಗ ಬಿಸಲಾಗ ಕಾಯಿಸಬ್ಯಾಡ್ರಿ” ಎಂದಳಂತೆ. ಹೊಲದಲ್ಲಿ ಮಣ್ಣು ಕೊಟ್ಟರು.

ಆ ಹೊತ್ತಿಗೆ ನನ್ನ ಗಾಡಿ ರಾಯಚೂರು ಬಿಟ್ಟು ಕೃಷ್ಣಾ ನದಿಯ ಸೇತುವೆಯ ಹತ್ತಿರ ಇತ್ತು. ಕಲಬುರಗಿಯಲ್ಲಿ ಇಳಿದಾಗ ರಾತ್ರಿ ಎಂಟು. ಆಳಂದದ ಕೊನೆಯ ಬಸ್ಸು ಹೋಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಮರುದಿನ ಮುಂಜಾನೆ ಊರು ಮುಟ್ಟಿದೆ. ಅಣ್ಣ ಅಗಸಿ ಬಾಗಿಲಿಗೆ ಬಂದು ನಿಂತಿದ್ದ. “ಎಲ್ಲಿ ತಡಾತು?” ಎಂದು ಕೇಳಿದ. ಗುಂತಕಲ್ಲಿನಲ್ಲಿ ಅಂದೆ. ಆ ಊರಿನ ಹೆಸರು ಅವನು ಕೇಳಿರಲೇ ಇಲ್ಲ.

ಗುಂತಕಲ್ಲಿನಿಂದ ಬೆಂಗಳೂರಿನವರೆಗೆ ದೊಡ್ಡ ಹಳಿ ಬಂದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಕಲಬುರಗಿಯಲ್ಲಿ ಹತ್ತಿದವನು ನಿದ್ದೆ ಮಾಡಿ ಬೆಂಗಳೂರಿನಲ್ಲಿ ಏಳುವ ಕಾಲ ಶುರುವಾದದ್ದು ಅಲ್ಲಿಂದ. “ಒಂದು ರಾತ್ರಿ ನೋಡ್ರಿ” ಎನ್ನುವ ಮಾತು ಬೆಂಗಳೂರಿಗೂ ಅಂಟಿಕೊಂಡದ್ದು ಅದರ ನಂತರವೇ. ಇತ್ತ 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಮುಷ್ಕರ ಶುರುವಾಗಿ ಅಣ್ಣನಂಥ ಎಷ್ಟೋ ಜನ ಊರಿಗೆ ವಾಪಸಾದರು. ಅವರ ಮಕ್ಕಳು ಪುಣೆಗೆ ಹೋದರು, ಕೆಲವರು ಬೆಂಗಳೂರಿಗೂ ಹೋದರು. ದಾರಿ ಸುಗಮವಾದ ಕಡೆ ಜನ ಹರಿಯುತ್ತಾರೆ, ನೀರಿನ ಹಾಗೆ.

ನಮ್ಮ ಅವ್ವನ ಹತ್ತಿರ ದೂರ ಅಳೆಯುವ ಬೇರೆಯೇ ಅಳತೆ ಇತ್ತು. ಯಾರಾದರೂ ಊರಿಗೆ ಹೊರಟರೆ ಅವಳ ಪ್ರಶ್ನೆ ಒಂದೇ: “ಎಷ್ಟು ಹೊತ್ತಿನ ಬುತ್ತಿ?” ಒಂದು ಹೊತ್ತಿನದಾದರೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಎರಡು ಹೊತ್ತಿನದಾದರೆ ಪುಂಡಿಪಲ್ಯ, ಏಕೆಂದರೆ ಹುಳಿ ಇದ್ದದ್ದು ಹಳಸುವುದಿಲ್ಲ. ಮೂರು ಹೊತ್ತು ದಾಟಿದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಸೊಲ್ಲಾಪುರಕ್ಕೆ ಬುತ್ತಿಯೇ ಇಲ್ಲ. ಮುಂಬಯಿ ಎರಡು ಹೊತ್ತು. ಬೆಂಗಳೂರು ಮೊದಲು ನಾಲ್ಕು ಹೊತ್ತಿದ್ದದ್ದು ಹಳಿ ಬದಲಾದ ಮೇಲೆ ಎರಡಕ್ಕೆ ಇಳಿಯಿತು. ಅವ್ವನಿಗೆ ಗೇಜ್ ಎಂದರೇನು ಗೊತ್ತಿರಲಿಲ್ಲ, ಆದರೆ ಬುತ್ತಿಯ ಗಂಟು ಸಣ್ಣದಾದದ್ದು ಅವಳೇ ಮೊದಲು ಗಮನಿಸಿದ್ದು.

ಬ್ಯಾಂಕಿನಲ್ಲಿ ನಮ್ಮ ಅಳತೆ ದಿನಗಳದು. ಆಳಂದದ ತೊಗರಿ ವ್ಯಾಪಾರಿಗೆ ಬೆಂಗಳೂರಿನ ಖರೀದಿದಾರ ಅಲ್ಲಿಯ ಬ್ಯಾಂಕಿನ ಚೆಕ್ಕು ಕೊಟ್ಟರೆ ಅದನ್ನು ನಾವು ಲಕೋಟೆಯಲ್ಲಿಟ್ಟು ಟಪಾಲಿಗೆ ಹಾಕುತ್ತಿದ್ದೆವು. ಚೆಕ್ಕು ಹೋಗಬೇಕು, ಅಲ್ಲಿ ಪಾಸಾಗಬೇಕು, ಸುದ್ದಿ ವಾಪಸ್ ಬರಬೇಕು. ಹದಿನೈದು ದಿನ, ಒಮ್ಮೊಮ್ಮೆ ಇಪ್ಪತ್ತು. ಆ ವ್ಯಾಪಾರಿ ದಿನಾ ಕೌಂಟರಿಗೆ ಬಂದು, “ನಮ್ಮ ಕಾಗದ ಎಲ್ಲಿತನಕ ಬಂತ್ರಿ ಸಾಹೇಬ್ರ?” ಎಂದು ಕೇಳುತ್ತಿದ್ದ, ಚೆಕ್ಕು ನಡೆದುಕೊಂಡು ಬರುತ್ತಿದೆ ಎನ್ನುವ ಹಾಗೆ. ಬಹಳ ಅವಸರವಿದ್ದವರು ಡಿಮಾಂಡ್ ಡ್ರಾಫ್ಟ್ ಹಿಡಿದು ತಾವೇ ಗಾಡಿ ಹತ್ತುತ್ತಿದ್ದರು. ಮನುಷ್ಯ ಒಂದು ರಾತ್ರಿಯಲ್ಲಿ ಹೋಗುವ ದೂರಕ್ಕೆ ಅವನ ದುಡ್ಡಿಗೆ ಮೂರು ವಾರ ಬೇಕಾಗುತ್ತಿತ್ತು. ಈಗ ಉಲ್ಟಾ. 2016ರಲ್ಲಿ ಯುಪಿಐ ಬಂದ ಮೇಲೆ ಪುಣೆಯಲ್ಲಿ ಗೌಂಡಿ ಕೆಲಸ ಮಾಡುವ ಹುಡುಗ ಮಧ್ಯಾಹ್ನ ಒತ್ತಿದ ಗುಂಡಿಗೆ ಜೇವರ್ಗಿಯ ಹಳ್ಳಿಯಲ್ಲಿ ಅವನ ಅವ್ವನ ಫೋನು ಆಗಲೇ ಸದ್ದು ಮಾಡುತ್ತದೆ. ಹುಡುಗ ಬರಲು ಮಾತ್ರ ಈಗಲೂ ರಾತ್ರಿಯೇ ಬೇಕು.

ಅಫಜಲಪುರದ ಶಾಖೆಯಲ್ಲಿದ್ದಾಗ ಒಬ್ಬ ರೈತರ ಪರಿಚಯವಾಯಿತು. ಭೀಮಾ ದಂಡೆಯ ಹೊಲದ ಬಗ್ಗೆ ದಾಯಾದಿಗಳೊಡನೆ ಅವರದು ವ್ಯಾಜ್ಯ. ಕೆಳಗಿನ ಕೋರ್ಟು ಮುಗಿದು ಅದು ಬೆಂಗಳೂರಿನ ಹೈಕೋರ್ಟಿಗೆ ಹೋಗಿತ್ತು. ಪ್ರತಿ ಸಲ ಹೋಗುವ ಹಿಂದಿನ ದಿನ ಅವರು ನಮ್ಮಲ್ಲಿ ದುಡ್ಡು ತೆಗೆಯುತ್ತಿದ್ದುದರಿಂದ ನನಗೆ ಅವರ ಖರ್ಚಿನ ಲೆಕ್ಕ ಬಾಯಿಪಾಠ. ಅಫಜಲಪುರದಿಂದ ಕಲಬುರಗಿಗೆ ಅರವತ್ತರ ಮೇಲೆ ಕಿಲೋಮೀಟರು, ಅದಕ್ಕೆ ಅರ್ಧ ದಿನ. ರಾತ್ರಿ ಗಾಡಿ. ಮುಂಜಾನೆ ಬೆಂಗಳೂರು, ಕೋರ್ಟು. ಮತ್ತೆ ರಾತ್ರಿ ಗಾಡಿ. ಮೂರನೆಯ ದಿನ ಮಧ್ಯಾಹ್ನ ಮನೆ. “ಮೂರು ದಿನ ಹೋದೆನ್ರಿ, ಸಾಹೇಬರು ಮೂರು ಮಿನಿಟು ಕೇಳಿ ಮುಂದಿನ ತಾರೀಖು ಕೊಟ್ರು” ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ಮಳೆ ಬರಲಿಲ್ಲ ಎಂದು ಹೇಳುವ ಧಾಟಿಯಲ್ಲಿ. ಸುಗ್ಗಿಯ ಕಾಲದಲ್ಲಿ ತಾರೀಖು ಬಿದ್ದರೆ ಕೂಲಿಯವರಿಗೆ ಬೇರೆ ಕೊಡಬೇಕು. ಆ ಮೂರು ದಿನವನ್ನು ಯಾವ ಟಿಕೆಟ್ಟಿನ ಮೇಲೂ ಬರೆದಿರುವುದಿಲ್ಲ.

2008ರ ಜುಲೈಯಲ್ಲಿ ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟಿನಲ್ಲಿ ಕಾಯಂ ಪೀಠವೇ ಆಯಿತು. ಈಗ ಅಫಜಲಪುರದವರು ಮುಂಜಾನೆ ಬಸ್ಸಿಗೆ ಹೋ‌ಗಿ ಸಂಜೆ ಬರುತ್ತಾರೆ. ನನ್ನನ್ನು ಕೇಳಿದರೆ ಯಾವ ವೇಗದ ರೈಲೂ ಮಾಡದಷ್ಟು ದೂರವನ್ನು ಆ ಒಂದು ಕಟ್ಟಡ ಕಡಿಮೆ ಮಾಡಿತು. ಊರನ್ನು ಹತ್ತಿರ ತರಲು ಎರಡು ದಾರಿ. ಒಂದು, ಜನರನ್ನು ಬೇಗ ಒಯ್ಯುವುದು. ಇನ್ನೊಂದು, ಅವರು ಹೋಗಬೇಕಾದ ಕೆಲಸವನ್ನೇ ಇಲ್ಲಿಗೆ ತರುವುದು. ಎರಡನೆಯದರ ಬಗ್ಗೆ ಪೇಪರಿನಲ್ಲಿ ದೊಡ್ಡ ಫೋಟೋ ಬರುವುದಿಲ್ಲ.

ಬಹಳ ದೂರದ ಮಾತು ಬಂದಾಗ ನನಗೆ ಬಂದೇ ನವಾಜರು ನೆನಪಾಗುತ್ತಾರೆ. ಕಲಬುರಗಿಯ ದೊಡ್ಡ ದರ್ಗಾ ಅವರದೇ. 1398ರಲ್ಲಿ ತೈಮೂರ್ ದೆಹಲಿಯ ಮೇಲೆ ಬಂದಾಗ ಊರು ಬಿಟ್ಟ ಅವರು ಗ್ವಾಲಿಯರ್, ಗುಜರಾತ್, ದೌಲತಾಬಾದ್ ಸುತ್ತಿ ಕೊನೆಗೆ ಕಲಬುರಗಿಗೆ ಬಂದು ನೆಲೆಸಿದರು. ಆಗ ಅವರ ವಯಸ್ಸು ಎಂಬತ್ತರ ಹತ್ತಿರ. ಅದಕ್ಕೂ ಐವತ್ತು ಅರವತ್ತು ವರ್ಷ ಹಿಂದೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ದೆಹಲಿಯಿಂದ ದೌಲತಾಬಾದಿಗೇ ನಲವತ್ತು ದಿನದ ದಾರಿ ಎಂದು ಬರೆದಿದ್ದಾನೆ. ಅವನೇ ಇನ್ನೊಂದು ಸೋಜಿಗ ಹೇಳುತ್ತಾನೆ. ಸಿಂಧ್‌ನಿಂದ ದೆಹಲಿಗೆ ಜನ ಹೋಗಲು ಐವತ್ತು ದಿನ ಬೇಕು, ಆದರೆ ಸುಲ್ತಾನನ ಟಪಾಲು ಐದೇ ದಿನದಲ್ಲಿ ಮುಟ್ಟುತ್ತದೆ ಎಂದು. ಓಟಗಾರರು ಒಬ್ಬರಿಂದ ಒಬ್ಬರು ಪತ್ರ ಈಸಿಕೊಂಡು ಓಡುತ್ತಿದ್ದರು. ಸುಲ್ತಾನನ ಕಾಗದಕ್ಕೆ ಇದ್ದ ದಾರಿ ನಮ್ಮ ತೊಗರಿ ವ್ಯಾಪಾರಿಯ ಚೆಕ್ಕಿಗೆ ಇರಲಿಲ್ಲ ನೋಡಿ. ಮತ್ತೆ, ಎಂಬತ್ತರ ಹಿರಿಯರು ದೆಹಲಿಯಿಂದ ಬಂದ ಊರಿನವನಾಗಿ ನಾನು ಎಪ್ಪತ್ತಮೂರಕ್ಕೆ ಮೇಲಿನ ಬರ್ತ್ ಸಿಕ್ಕಿತೆಂದು ಗೊಣಗುವುದು ಶೋಭೆಯಲ್ಲ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಈಗ ವಂದೇ ಭಾರತ್ ಇದೆ. ಕಲಬುರಗಿ–ಬೆಂಗಳೂರು ವಂದೇ ಭಾರತ್ ಉದ್ಘಾಟನೆ ಆದದ್ದು 2024ರ ಮಾರ್ಚ್ 12ರಂದು. ಮುಂಜಾನೆ ಐದೂಕಾಲಿಗೆ ಕಲಬುರಗಿ ಬಿಟ್ಟು ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಎನ್ನುವುದು ಅದರ ವೇಳಾಪಟ್ಟಿ. ಎಂಟೂಮುಕ್ಕಾಲು ತಾಸು. 550ನ್ನು ಅದರಿಂದ ಭಾಗಿಸಿದರೆ ತಾಸಿಗೆ ಸುಮಾರು 63 ಕಿ.ಮೀ. ಮೊದಲ ಸಲ ಅದರಲ್ಲಿ ಕೂತು ಗುಂತಕಲ್ಲು ದಾಟಿದಾಗ ನಾನು ಕಿಟಕಿಗೆ ಮುಖ ಹಚ್ಚಿದ್ದೆ. ಆ ಸಿಮೆಂಟಿನ ಬೆಂಚು ಎಲ್ಲಿತ್ತು ಎಂದು ಗೊತ್ತಾಗಲಿಲ್ಲ. ಒಳಗೆ ಚಹಾ ಹಂಚುತ್ತಿದ್ದರು.

ಆದರೆ ಈ ಗಾಡಿ ಕಲಬುರಗಿಯಲ್ಲಿ ಮನೆ ಇದ್ದವರ ಗಾಡಿ. ಆಳಂದಕ್ಕಾಗಲಿ, ಅಫಜಲಪುರಕ್ಕಾಗಲಿ, ಜೇವರ್ಗಿಗಾಗಲಿ ಊರೊಳಗೆ ರೈಲು ಸ್ಟೇಷನ್ ಇಲ್ಲ. ಆಳಂದದಿಂದ ಕಲಬುರಗಿಗೆ ನಲವತ್ತು ಚಿಲ್ಲರೆ ಕಿಲೋಮೀಟರ್. ಐದೂಕಾಲಿನ ಗಾಡಿಗೆ ಮುಟ್ಟಿಸುವ ಬಸ್ಸು ನನಗಂತೂ ಸಿಕ್ಕಿಲ್ಲ. ಒಂದೋ ಹಿಂದಿನ ರಾತ್ರಿಯೇ ಹೋಗಿ ಬೀಗರ ಮನೆಯಲ್ಲಿ ಮಲಗಬೇಕು, ಇಲ್ಲವೇ ನಡುರಾತ್ರಿ ಕಾರು ಮಾಡಬೇಕು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾಗುವುದಿಲ್ಲ, ಹೋದರೆ ಅವರು ಹೋಳಿಗೆ ಮಾಡದೆ ಬಿಡುವುದಿಲ್ಲ. ಹೋಳಿಗೆ ಉಂಡು ಮಲಗಿದವನಿಗೆ ನಾಲ್ಕಕ್ಕೆ ಏಳುವುದು ಹೇಗೆ?

ಜೇವರ್ಗಿಯವರ ಫಜೀತಿ ಇನ್ನೂ ಚಂದ. ಜೇವರ್ಗಿ ಇರುವುದು ಕಲಬುರಗಿಯ ದಕ್ಷಿಣಕ್ಕೆ ಸುಮಾರು ನಲವತ್ತು ಕಿ.ಮೀ., ಭೀಮಾ ನದಿಯ ಆಚೆ. ಬೆಂಗಳೂರೂ ದಕ್ಷಿಣಕ್ಕೇ. ಆದರೂ ಕಲಬುರಗಿಯ ಗಾಡಿ ಹಿಡಿಯುವವರು ಮೊದಲು ಉತ್ತರಕ್ಕೆ ಹೋಗಿ, ಆಮೇಲೆ ದಕ್ಷಿಣಕ್ಕೆ ತಿರುಗಬೇಕು. ಇದು ಬೇಡ ಎಂದವರು ಶಹಾಪುರ, ಸುರಪುರ, ಲಿಂಗಸುಗೂರಿನ ಮೇಲೆ ಹೋಗುವ ರಾತ್ರಿ ಬಸ್ಸಿಗೆ ಹೋಗುತ್ತಾರೆ. ಕಲಬುರಗಿಯಿಂದ ರಸ್ತೆ ಲೆಕ್ಕದಲ್ಲಿ ಬೆಂಗಳೂರು ಸುಮಾರು 620 ಕಿ.ಮೀ., ಜೇವರ್ಗಿಯವರಿಗೆ ಅದರಲ್ಲಿ ನಲವತ್ತು ಉಳಿಯಿತು.

ಸ್ಟೇಷನ್ ಹೆಸರುಗಳನ್ನೂ ನಂಬುವಂತಿಲ್ಲ. ಮಕ್ಕಳೇ, ಸ್ಟೇಷನ್ನಿನ ಹೆಸರಿನ ಕೊನೆಗೆ ‘ರೋಡ್’ ಎಂದಿದ್ದರೆ ಆ ಊರು ಅಲ್ಲಿಲ್ಲ, ಅಲ್ಲಿಂದ ಆ ಊರಿಗೆ ರೋಡು ಇದೆ ಎಂದು ತಿಳಿಯಿರಿ. ಅಕ್ಕಲಕೋಟ ರೋಡ್ ಹಾಗೆಯೇ. ಗಾಣಗಾಪುರ ರೋಡ್ ಹಾಗೆಯೇ. ದತ್ತಾತ್ರೇಯನ ದರ್ಶನಕ್ಕೆಂದು ದೂರದಿಂದ ಬಂದವರು ಗಾಣಗಾಪುರ ರೋಡಿನಲ್ಲಿ ಇಳಿದು ಗುಡಿಯ ಶಿಖರ ಹುಡುಕುತ್ತಾರೆ. ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರ ಅಲ್ಲಿಂದ ಇನ್ನೂ ಇಪ್ಪತ್ತು ಕಿ.ಮೀ.

ಭೀಮೆ ಮುನಿದರಂತೂ ಕಿಲೋಮೀಟರುಗಳಿಗೆ ಅರ್ಥವೇ ಇಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಘತ್ತರಗಿ, ಗಾಣಗಾಪುರಗಳ ಸೇತುವೆಗಳು ಮುಳುಗಿದವು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳ ಜನರನ್ನು ಮನೆ ಬಿಡಿಸಿ ಕರೆತರಬೇಕಾಯಿತು. ಆ ವಾರ ನನ್ನ ಮಗಳ ಮನೆಗೆ, ನದಿಯ ಆಚೆಯ ದಂಡೆಗೆ, ಹೋಗುವುದಕ್ಕಿಂತ ಮುಂಬಯಿಗೆ ಹೋಗುವುದು ಸಲೀಸಿತ್ತು. ಕಣ್ಣಿಗೆ ಕಾಣುವ ದಂಡೆ ಅದು. ಅವಳು ಆ ಕಡೆ ನಿಂತು ಫೋನಿನಲ್ಲಿ, “ಅಪ್ಪಾ, ನೀರು ನಮ್ಮ ಹನುಮಪ್ಪನ ಕಟ್ಟಿತನಕ ಬಂದಾವ” ಎನ್ನುತ್ತಿದ್ದಳು.

ವಿಮಾನದ ಮಾತನ್ನೂ ಹೇಳಬೇಕು. ಕಲಬುರಗಿಯಲ್ಲಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾಯಿತು. ಮಗನ ಒತ್ತಾಯಕ್ಕೆ ಒಮ್ಮೆ ಹತ್ತಿದ್ದೆ. ಬೆಂಗಳೂರಿಗೆ ಒಂದು ತಾಸಿನ ಮೇಲೆ ಸ್ವಲ್ಪ. ಬುತ್ತಿ ಬಿಚ್ಚುವಷ್ಟರಲ್ಲಿ ಇಳಿಯಿರಿ ಎಂದರು. ವಿಮಾನ ಯಾವಾಗ ಇದೆ, ಯಾವಾಗ ಇಲ್ಲ ಎಂದು ಕೇಳಿಕೊಂಡೇ ಹೋಗಬೇಕು, ನನ್ನಂಥವರಿಗೆ ಅದು ನೆಚ್ಚಿಕೊಳ್ಳುವ ದಾರಿ ಅಲ್ಲ.

ಮಗ ಬೆಂಗಳೂರಿನಲ್ಲಿದ್ದಾನೆ. ಮೊಮ್ಮಗಳು ಆರನೆಯ ತರಗತಿ. ಶಾಲೆಯಲ್ಲಿ ‘ನನ್ನ ಊರಿಗೆ ಎಷ್ಟು ದೂರ’ ಎಂದು ಬರೆದು ತರಲು ಹೇಳಿದ್ದರಂತೆ. ಫೋನು ಮಾಡಿ, “ಮುತ್ಯಾ, ಆಳಂದಕ್ಕ ಎಷ್ಟು ತಾಸು?” ಎಂದು ಕೇಳಿದಳು. ಗುಮಾಸ್ತನಿಗೆ ಲೆಕ್ಕ ಕೇಳಿದರೆ ಬಿಡುವುದುಂಟೇ? ನಾನು ಹೋದ ಸಲ ಹೋದ ದಿನದ್ದನ್ನು ಅವಳಿಗೆ ಬರೆಸಿದೆ. ಮುಂಜಾನೆ ಮೂರೂವರೆಗೆ ಮನೆ ಬಿಟ್ಟದ್ದು. ಐದೂಕಾಲರಿಂದ ಎರಡರವರೆಗೆ ರೈಲು, ಎಂಟೂಮುಕ್ಕಾಲು ತಾಸು. ನಿಮ್ಮ ಮನೆ ಬಾಗಿಲು ಮುಟ್ಟಿದಾಗ ಸಂಜೆ ನಾಲ್ಕು. ಒಟ್ಟು ಹನ್ನೆರಡೂವರೆ ತಾಸು. ರೈಲಿನದನ್ನು ಕಳೆದರೆ ಉಳಿದದ್ದು ಮೂರೂಮುಕ್ಕಾಲು. ಆ ಮೂರೂಮುಕ್ಕಾಲು ತಾಸಿನಲ್ಲಿ ದಾಟಿದ್ದು ಈ ಕಡೆ ನಲವತ್ತೆರಡು, ನಿಮ್ಮ ಬೆಂಗಳೂರಿನೊಳಗೆ ಇಪ್ಪತ್ತು, ಕೂಡಿ ಅರವತ್ತೆರಡು ಕಿ.ಮೀ. ಅವಳು ಅಲ್ಲೇ ಭಾಗಿಸಿ, “ಅಂದ್ರ ತಾಸಿಗಿ ಹದಿನಾರೂವರೆ ಕಿಲೋಮೀಟರ್. ಸೈಕಲ್ ಮ್ಯಾಲ ಬಂದಂಗ ಆತು ಮುತ್ಯಾ!” ಅಂದಳು.

ನಾಗರ ಪಂಚಮಿಗೆ ಅವರೆಲ್ಲ ಬರುವವರಿದ್ದಾರೆ. ಆ ಗಾಡಿ ಓಡುವುದು ವಾರಕ್ಕೆ ಆರೇ ದಿನ. ಹಬ್ಬದ ಹಿಂದಿನ ದಿನ ಅದರ ರಜೆ ಬೀಳುತ್ತದೋ ಏನೋ ಎಂದು ಮಗ ನೋಡಿ ಹೇಳುತ್ತೇನೆ ಅಂದಿದ್ದಾನೆ. ಬಿದ್ದರೆ ರಾತ್ರಿ ಗಾಡಿಗೇ ಬರಲಿ. ಇತ್ತ ಶೇಂಗಾ ಉಂಡಿಯ ಕೆಲಸ ಶುರುವಾಗಿದೆ, ಎಳ್ಳು ಹುರಿಯುವ ವಾಸನೆ ಈ ಕೋಣೆಯವರೆಗೂ ಬರುತ್ತಿದೆ.